ಪಾವಟಿಗೆ ಬಾವಿಯ ಅಕ್ಕೋರು

ಶರಣು, ಅಂಬಿಕಾ, ಕಳೆದ ಸಲ ರಜೆಗೆ ಬಂದಾಗ ನೀವಿಬ್ಬರೂ ಪಡಸಾಲೆಯಲ್ಲಿ ಕುಳಿತು ಜೋರಾಗಿ ಪಾಠ ಓದುತ್ತಿದ್ದಿರಿ. ರೋಗಗಳು ಕಣ್ಣಿಗೆ ಕಾಣದ ಜೀವಿಗಳಿಂದ ಬರುತ್ತವೆ ಎಂಬುದನ್ನು ಜನ ಹೇಗೆ ಕಂಡುಹಿಡಿದರು ಎಂಬ ಪಾಠ. ಹೆರಿಗೆ ಮಾಡಿಸುವ ಮೊದಲು ಕೈ ತೊಳೆದುಕೊಳ್ಳಿ ಎಂದ ಡಾಕ್ಟರನ್ನು ಉಳಿದ ಡಾಕ್ಟರರು ಗೇಲಿ ಮಾಡಿದ್ದು, ಕೊನೆಗೆ ಅವನು ಹುಚ್ಚರ ಆಸ್ಪತ್ರೆಯಲ್ಲಿ ಸತ್ತದ್ದು ಬಂದಾಗ ಶರಣು ನಕ್ಕ. "ಎಂಥಾ ದಡ್ಡ ಮಂದಿ ಇದ್ರು ಆಯಿ, ಕೈ ತೊಳಕೋ ಅಂದ್ರೂ ಸಿಟ್ಟಾ?" ಅಂದ. ನಾನು ಎದ್ದು ಒಳಗೆ ಹೋದೆ. ಹಿಟ್ಟು ನಾದುವುದಿದೆ ಎಂದು ನೀವು ತಿಳಿದಿರಬೇಕು. ನಾದುವುದೇನೂ ಇರಲಿಲ್ಲ.

ಆ ಕಥೆಯನ್ನು ನಾನು ನಿಮ್ಮ ಅಪ್ಪ ಹುಟ್ಟುವ ಮೊದಲೇ ಕೇಳಿದ್ದೆ. ಹೇಳಿದವರು ಒಬ್ಬ ಹೆಂಗಸು. ನಮ್ಮ ಮನೆಯ ಒಲೆಯ ಮುಂದೆಯೇ ಕುಳಿತು ಹೇಳಿದ್ದರು. ಅವರ ಬಗ್ಗೆ ಬಾಯಿಬಿಟ್ಟು ಹೇಳಲು ನನಗೆ ಯಾವತ್ತೂ ಆಗಿಲ್ಲ. ನಾಲ್ಕು ಜನರ ಮುಂದೆ ಮಾತು ಹೊರಡದ ಸ್ವಭಾವ ನನ್ನದು, ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಆ ಹೆಸರನ್ನು ನಮ್ಮೂರಿನಲ್ಲಿ ಬೈಗುಳ ಮಾಡಿಬಿಟ್ಟಿದ್ದರು. ಯಾರಾದರೂ ಕುಂಟುತ್ತ ಬಂದರೆ ಹುಡುಗರು ಆ ಹೆಸರಿನಿಂದ ಕೂಗುತ್ತಿದ್ದರು. ಅಕ್ಕೋರು ಎಂದೇ ಇರಲಿ. ಶಾಲೆಯಲ್ಲಿ ಕಲಿಸುವ ಹೆಂಗಸನ್ನು ನಮ್ಮ ಕಡೆ ಕರೆಯುವುದೇ ಹಾಗೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಕಳೆದಿದ್ದವು. ನಾನು ಸೊಸೆಯಾಗಿ ಬಂದ ಹೊಸತು. ಗುಂಡಗುರ್ತಿ ಹಾದಿಯ ನಮ್ಮೂರಿಗೆ ಅಲ್ಲಿಯವರೆಗೆ ಹೆಂಗಸು ಮಾಸ್ತರು ಬಂದಿರಲಿಲ್ಲ. ಇವರು ಚಿಂಚೋಳಿ ಕಡೆಯವರು, ಚಂದ್ರಂಪಳ್ಳಿಯ ಆಚೆಯ ಒಂದು ಹಳ್ಳಿ. ಸಂಕ್ರಾಂತಿ ಮುಗಿದ ಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಬಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ನಿಂತರು. ಮದುವೆ ಆಗಿತ್ತೋ ಇಲ್ಲವೋ ನಾವು ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲರೂ ಕೇಳಿದೆವು, ಅವರು ಹೇಳಲಿಲ್ಲ.

ಗಂಜಿ ಹಾಕಿದ ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ. ಸೀಮೆಸುಣ್ಣದ ತುಂಡನ್ನು ತುರುಬಿನಲ್ಲಿ ಸಿಕ್ಕಿಸಿ ಮರೆತುಬಿಡುತ್ತಿದ್ದರು. ಅವರಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತಿತ್ತು. ಅದನ್ನೇ ಶೇಂಗಾ ಹಿಂಡಿ ಹಚ್ಚಿಕೊಂಡು, ಭಾಳ ಚಲೋ ಆಗ್ಯದ ಎಂದು ತಮಗೆ ತಾವೇ ಹೇಳಿಕೊಂಡು ತಿನ್ನುತ್ತಿದ್ದರು. ಸಿಟ್ಟು ಬಂದರೆ ತೆಲುಗಿನಲ್ಲಿ ಎಣಿಸುತ್ತಿದ್ದರು. ಎಣಿಕೆ ಮುಗಿಯುವುದರೊಳಗೆ ಹುಡುಗರು ಜಾಗ ಖಾಲಿ ಮಾಡುತ್ತಿದ್ದರು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವ ಚಾಳಿ ಇತ್ತು. ಅದು ಊರಿಗೆ ಸೇರುತ್ತಿರಲಿಲ್ಲ. ನನಗೆ ಸೇರುತ್ತಿತ್ತು. ನನ್ನಿಂದ ಆಗದ್ದನ್ನು ಅವರು ಮಾಡುತ್ತಿದ್ದರು.

ನಾಲ್ಕನೆಯ ಇಯತ್ತೆಗೆ ನಿಂತುಹೋಗಿದ್ದ ನನ್ನ ಓದನ್ನು ಮತ್ತೆ ಹಚ್ಚಿಕೊಟ್ಟವರೂ ಅವರೇ. ನಾನು ರೊಟ್ಟಿಗೆ ಕುಳಿತಾಗ ಎದುರಿಗೆ ಬಂದು ಕುಳಿತು, ಪರಾತದಲ್ಲಿ ಹರಡಿದ ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ಅಕ್ಷರ ಬರೆಸುತ್ತಿದ್ದರು. ತಪ್ಪಾದರೆ ಅಂಗೈಯಿಂದ ಅಳಿಸಿ, "ನೋಡು, ಯಾರಿಗೂ ಗೊತ್ತಾಗಲಿಲ್ಲ, ಮತ್ತೊಮ್ಮೆ ಬರಿ" ಎನ್ನುತ್ತಿದ್ದರು. ಈಗ ನಾನು ಬರೆಯುತ್ತಿರುವುದು ಆ ಹಿಟ್ಟಿನ ಅಕ್ಷರ.

ಅವರು ನಮ್ಮೂರಿಗೆ ಬಂದಾಗ ಸ್ವಲ್ಪ ಕಾಲೆಳೆಯುತ್ತಿದ್ದರು. ಹೋಳಿ ಹತ್ತಿರ ಬಂದಾಗ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ನಾರು. ನಿಮಗೆ ನಾರು ಎಂದರೆ ಗೊತ್ತಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು. ಮೈಯೊಳಗೆ ಬೆಳೆದ ಬಿಳಿ ದಾರದಂಥ ಹುಳ ಬೇಸಿಗೆಯಲ್ಲಿ ಕಾಲಿನ ಚರ್ಮ ಒಡೆದು ಹೊರಗೆ ಬರುತ್ತದೆ. ತುದಿಯನ್ನು ಕಡ್ಡಿಗೆ ಸುತ್ತಿ ದಿನವೂ ಇಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದರೆ ಒಳಗೇ ಕೊಳೆತು ಕಾಲು ಹೋಗುತ್ತದೆ. ನಮ್ಮೂರಿನಲ್ಲಿ ವರ್ಷಕ್ಕೆ ಒಂದೆರಡು ಮನೆಯಲ್ಲಿ ಏಳುತ್ತಲೇ ಇತ್ತು. ಹಣೆಬರಹ ಎನ್ನುತ್ತಿದ್ದೆವು. ಕಾಲಿನ ಮೇಲೆ ಕೆಂಡ ಇಟ್ಟ ಹಾಗೆ ಉರಿಯುತ್ತದೆ. ಆ ಉರಿಗೆ ನಮಗೆ ಗೊತ್ತಿದ್ದ ಮದ್ದು ಒಂದೇ, ತಣ್ಣೀರು.

ಕುಡಿಯುವ ನೀರಿಗೆ ಊರ ಅಂಚಿನ ಪಾವಟಿಗೆ ಬಾವಿಗೆ ಹೋಗಬೇಕು. ಶಹಾಬಾದಿನ ಪರಸಿ ಕಲ್ಲಿನ ಮೆಟ್ಟಿಲುಗಳು ನೀರಿನೊಳಗಿನವರೆಗೂ ಇಳಿದಿದ್ದವು. ನಾವು ಮೊಳಕಾಲುದ್ದ ನೀರಿಗೆ ಇಳಿದೇ ಕೊಡ ಮುಳುಗಿಸುತ್ತಿದ್ದೆವು. ಮುಟ್ಟಬಾರದೆಂದು ನಾವು ದೂರ ಇಟ್ಟಿದ್ದ ಕೇರಿಯವರಿಗೆ ಆ ಮೆಟ್ಟಿಲ ಮೇಲೆ ಕಾಲಿಡಲು ಬಿಡುತ್ತಿರಲಿಲ್ಲ. ಅವರು ಮೇಲೆ ಕೊಡ ಇಟ್ಟು ಕಾಯಬೇಕು, ನಾವು ಎತ್ತರದಿಂದ ಎರೆಯಬೇಕು. ಅದನ್ನು ನಾವು ಪುಣ್ಯದ ಕೆಲಸ ಎಂದುಕೊಂಡಿದ್ದೆವು.

ಅಕ್ಕೋರು ಕಾಲು ಹಿಡಿದು ಅಳುವುದನ್ನು ನೋಡಲಾಗದೆ ಒಂದು ಮಧ್ಯಾಹ್ನ ನಾನೇ ಕರೆದೆ. "ಬರ್ರಿ ಅಕ್ಕೋರ, ಒಂದೀಟು ನೀರಾಗ ಕಾಲಿಡ್ರಿ. ಆರಾಮ ಅನಸ್ತದ."

"ಅಕ್ಕೋರು ಬಾವ್ಯಾಗ ಕಾಲು ತೊಳೀಲಿಕತ್ತಾಳ ಅಂತ ಮಂದಿ ನಗಂಗಿಲ್ಲೇನು?"

"ತೊಳ್ಯಾದಲ್ರಿ, ತಂಪು ಮಾಡ್ಕೊಳ್ಳಾದು. ಎಲ್ಲಾರೂ ಮಾಡ್ತಾರ. ನಡೀರಿ."

ನನ್ನ ಹೆಗಲು ಹಿಡಿದು ಕುಂಟುತ್ತ ಬಂದರು. ನೀರೊಳಗಿನ ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೇ ಅವರ ಮುಖದ ಬಿಗಿ ಸಡಿಲಿತು. ಗುಳ್ಳೆಯ ಬಾಯಿಂದ ಹಾಲಿನಂಥ ಎಳೆಯೊಂದು ನೀರಿಗೆ ಹರಿದು ಕರಗಿತು. "ಕೀವು ಹೋತು, ಚಲೋ ಆತು" ಅಂದೆ. ಅವರು ಕಣ್ಣು ಮುಚ್ಚಿಕೊಂಡು, "ತಂಗಿ, ನೀ ನನ್ನ ಹೋದ ಜನ್ಮದ ತಾಯಿ" ಅಂದರು. ಆಮೇಲೆ ಆ ನೀರಿನಲ್ಲೇ ಕೊಡ ತುಂಬಿಕೊಂಡು ಇಬ್ಬರೂ ಮನೆಗೆ ಬಂದೆವು.

ಮರುವರ್ಷದ ಬೇಸಿಗೆಗೆ ಓಣಿ ಓಣಿಯಲ್ಲಿ ನಾರು ಎದ್ದಿತು. ಒಂದೊಂದು ಮನೆಯಲ್ಲಿ ಇಬ್ಬರು ಮೂವರು ಗೋಡೆ ಹಿಡಿದು ನಡೆಯುತ್ತಿದ್ದರು. ನಿಮ್ಮ ಮುತ್ಯಾನಿಗೆ, ಅಂದರೆ ನಮ್ಮ ಮನೆಯವರಿಗೆ, ಮೊಳಕಾಲಿನ ಹಿಂದೆ ಎದ್ದಿತು. ಆಗ ಅವರು ಹರೆಯದವರು. ಹೊಲ ಹರಗುವ ಸಮಯ, ಎತ್ತು ಕಟ್ಟಿ ನಿಂತಿವೆ, ಇವರಿಗೆ ಕಡ್ಡಿ ಸುತ್ತುತ್ತ ಕೂಡುವ ತಾಳ್ಮೆ ಇಲ್ಲ. ಒಂದು ಬೆಳಿಗ್ಗೆ ಜಗ್ಗಿಬಿಟ್ಟರು. ನಾರು ಒಳಗೆ ಹರಿಯಿತು. ಕಾಲು ಕಂಬದ ಹಾಗೆ ಬಾತು, ಜೀವವೇ ಹೋಗುತ್ತದೆ ಎನ್ನುವಷ್ಟು ಜ್ವರ ಬಂದಿತು. ಜ್ವರ ಬಿಟ್ಟಿತು, ಮೊಳಕಾಲು ಮಾತ್ರ ಮತ್ತೆ ಮಡಚಲಿಲ್ಲ. ಮುತ್ಯಾ ಯಾಕ ಕೋಲು ಹಿಡಿದಂಗ ಕಾಲು ಚಾಚಿ ಕೂಡತಾನ ಎಂದು ಸಣ್ಣವರಿದ್ದಾಗ ನೀವು ಕೇಳುತ್ತಿದ್ದಿರಲ್ಲ, ಅದಕ್ಕೆ.

ಆ ಬೇಸಿಗೆಯ ರಜೆಯಲ್ಲಿ ಅಕ್ಕೋರು ಶಿಕ್ಷಕರ ತರಬೇತಿಗೆಂದು ಸೇಡಂಗೆ ಹೋದರು. ಅಲ್ಲಿ ಒಬ್ಬ ಡಾಕ್ಟರು ರೋಗಾಣುಗಳ ಬಗ್ಗೆ ಪಾಠ ಮಾಡಿ, ಬಾವಿ ನೀರಿನ ಹನಿಯನ್ನು ಗಾಜಿನ ಯಂತ್ರದಲ್ಲಿ ತೋರಿಸಿದರಂತೆ. ಮರಳಿ ಬಂದವರು ಕೋಣೆಗೂ ಹೋಗದೆ ನೇರ ಅಡುಗೆಮನೆಗೆ ಬಂದು ಕುಳಿತರು. ತಂಬಿಗೆಯ ನೀರನ್ನು ಗಾಜಿನ ಲೋಟಕ್ಕೆ ಸುರಿದು ಬೆಳಕಿಂಡಿಗೆ ಹಿಡಿದು ನೋಡಿದರು. ಅಂದಿನಿಂದ ಕೊನೆಯವರೆಗೂ ಅವರು ಹಾಗೆ ಬೆಳಕಿಗೆ ಹಿಡಿಯದೆ ನೀರು ಕುಡಿಯಲಿಲ್ಲ.

ಆವತ್ತು ಒಂದಾದ ಮೇಲೆ ಒಂದು ಕಥೆ ಹೇಳಿದರು. ಪರದೇಶದ ಒಬ್ಬ ಬಟ್ಟೆ ವ್ಯಾಪಾರಿ ತಾನೇ ತಿಕ್ಕಿ ನಯಮಾಡಿದ ಗಾಜಿನಲ್ಲಿ ನೋಡಿ, ನೀರಿನ ಹನಿಯೊಳಗೆ ಓಡಾಡುವ ಜೀವಗಳನ್ನು ಮೊದಲು ಕಂಡದ್ದು. ಆಮೇಲೆಯೂ ಎಷ್ಟೋ ಕಾಲ ಜನ ರೋಗ ಕೆಟ್ಟ ಗಾಳಿಯಿಂದ ಬರುತ್ತದೆ ಎಂದೇ ನಂಬಿದ್ದು. ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರನ್ನು ಕೊಲ್ಲುತ್ತಿರುವುದು ಡಾಕ್ಟರರ ಕೈಗಳೇ ಎಂದು ಒಬ್ಬ ಡಾಕ್ಟರು ಹೇಳಿದ್ದು, ಯಾರೂ ಒಪ್ಪದೇ ಹೋದದ್ದು. "ಯಾಕ ಒಪ್ಪಲಿಲ್ಲ ಹೇಳು" ಎಂದು ನನ್ನನ್ನು ಕೇಳಿದರು. ಆಮೇಲೆ ತಾವೇ, "ಒಪ್ಪಿದ್ರ ಅಲ್ಲಿ ತನಕ ಸತ್ತ ಬಾಣಂತ್ಯಾರು ಯಾರ ಲೆಕ್ಕಕ್ಕ ಬರ್ತಿದ್ರು?" ಅಂದರು.

ಇನ್ನೊಂದು ಕಥೆ ವಾಂತಿಭೇದಿಯದು. ಒಂದು ದೊಡ್ಡ ಪಟ್ಟಣದಲ್ಲಿ ಒಂದೇ ಬೀದಿಯ ಸುತ್ತ ಜನ ಸಾಯುತ್ತಿದ್ದರು. ಒಬ್ಬ ಡಾಕ್ಟರು ಮನೆಮನೆ ತಿರುಗಿ ವಿಚಾರಿಸಿ, ಸತ್ತವರೆಲ್ಲ ಒಂದೇ ಕೊಳವೆಯ ನೀರು ಕುಡಿದವರು ಎಂದು ಕಂಡುಕೊಂಡ. ಆ ಬೀದಿಯಲ್ಲೇ ಇದ್ದೂ ಏನೂ ಆಗದೆ ಉಳಿದವರೆಂದರೆ ಸೆರೆ ಕಾಸುವ, ಅಂದರೆ ಹೆಂಡ ಇಳಿಸುವ ಕೆಲಸದವರು. ಅವರು ಆ ನೀರು ಕುಡಿಯುತ್ತಲೇ ಇರಲಿಲ್ಲ.

ಇಷ್ಟು ಹೇಳಿದವರು ತಟ್ಟನೆ ನಿಲ್ಲಿಸಿ ಮೂಲೆಯ ಕಡೆ ನೋಡಿದರು. ಅಲ್ಲಿ ನಮ್ಮ ಅತ್ತೆ ಪೂಜೆಗೆ ನೀರು ಸೋಸುತ್ತಿದ್ದರು. ಅತ್ತೆ ಲಿಂಗಪೂಜೆಯಲ್ಲಿ ಭಾಳ ಕಟ್ಟುನಿಟ್ಟು. ಲಿಂಗದ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ಬೇರೆ ತಾಮ್ರದ ಕೊಡದಲ್ಲಿ ಇಡುತ್ತಿದ್ದರು. ತಾವು ಕುಡಿಯುವುದೂ ಅದನ್ನೇ, ಅದು ಅವರ ನೇಮ. ನಮಗೆ ಬಾವಿಯಿಂದ ತಂದದ್ದು ಹಾಗೇ.

"ಅವ್ವಾರ, ನಿಮಗ ಎಂದರ ನಾರು ಎದ್ದದೇನ್ರಿ?"

"ನನಗ್ಯಾಕ ಏಳ್ತದ? ಲಿಂಗಪ್ಪ ಕಾಯಲಿಕತ್ತಾನ."

"ಲಿಂಗಪ್ಪ ಅಲ್ರಿ, ಬಟ್ಟಿ ಕಾಯಲಿಕತ್ತದ. ಆ ಊರಾಗ ಸೆರಿ ಕಾಸಾವ್ರು ಹೆಂಗ ಉಳದ್ರೋ ಈ ಊರಾಗ ನೀವು ಹಂಗ ಉಳದೀರಿ."

ಅತ್ತೆ ಬಟ್ಟೆ ಕೆಳಗಿಟ್ಟರು. "ಏನಂದ್ರಿ ಅಕ್ಕೋರ? ನಾನು ಸೆರಿ ಕಾಸಾಕಿನಾ?"

ಆವತ್ತು ಅತ್ತೆ ಅವರೊಂದಿಗೆ ಮತ್ತೆ ಮಾತಾಡಲಿಲ್ಲ. ನಾನು ಮುಸುಕಿನಲ್ಲಿ ನಕ್ಕೆ. ಅಕ್ಕೋರು ನಗಲಿಲ್ಲ. ಅವರು ತಮ್ಮ ಹಿಮ್ಮಡಿಯ ಕಲೆಯನ್ನು ನೋಡಿಕೊಳ್ಳುತ್ತಿದ್ದರು. ಕಾಲಿನ ನಾರು ನೀರು ಮುಟ್ಟಿದಾಗ ಅದರೊಳಗಿಂದ ಲೆಕ್ಕವಿಲ್ಲದಷ್ಟು ಮರಿಗಳು ಹೊರಬೀಳುತ್ತವೆ, ನೀರಿನ ಚಿಕ್ಕ ಹುಳಗಳು ಅವನ್ನು ನುಂಗುತ್ತವೆ, ಆ ಹುಳ ಇರುವ ನೀರು ಕುಡಿದವರಿಗೆ ವರ್ಷದೊಳಗೆ ನಾರು ಏಳುತ್ತದೆ ಎಂದು ಸೇಡಂನ ಡಾಕ್ಟರು ಹೇಳಿದ್ದರಂತೆ. ಅದನ್ನು ಅವರು ನನಗೆ ಮೆಲ್ಲಗೆ ಹೇಳಿದರು. ಹಾಲಿನಂಥ ಎಳೆ ಇಬ್ಬರಿಗೂ ನೆನಪಾಯಿತು.

ಮರುದಿನ ಬೆಳಿಗ್ಗೆ ನಾನು ಕೊಡ ಹಿಡಿದು ಹೋಗುವಷ್ಟರಲ್ಲಿ ಅಕ್ಕೋರು ಬಾವಿಯ ಮೇಲಿನ ಮೆಟ್ಟಿಲಿಗೆ ಅಡ್ಡ ನಿಂತಿದ್ದರು. ಹೆಂಗಸರು ಗುಂಪಾಗಿದ್ದರು. ಊರ ಹಿರಿಯರಾದ ಪಾಟೀಲರು ಬೇವಿನ ಕಡ್ಡಿ ಜಗಿಯುತ್ತ ಬಂದರು. ಯಾರೂ ನೀರಿಗೆ ಇಳಿಯಬಾರದು, ಮೇಲಿಂದ ಹಗ್ಗ ಬಿಟ್ಟು ಸೇದಬೇಕು, ಬಟ್ಟೆಯಲ್ಲಿ ಸೋಸಿ ಕುಡಿಯಬೇಕು ಎಂದು ಅಕ್ಕೋರು ಹೇಳುತ್ತಿದ್ದರು. ಪಾಟೀಲರು ಸಮಾಧಾನದಿಂದಲೇ ಕೇಳಿಸಿಕೊಂಡರು.

"ನೀರಾಗ ಇಳದ್ರ ನಾರು ಬರ್ತದ ಅಂತೀರಿ. ಆ ಕೇರಿಯವರು ಒಂದಿನಾನೂ ಇಳದಿಲ್ಲ. ಅವರಿಗ್ಯಾಕ ಎದ್ದದ? ಹೊಲಸು ಇರ್ತಾರ, ಅದಕ್ಕ."

"ಅದನ್ನೇ ನಾ ಹೇಳ್ಲಿಕತ್ತೀನ್ರಿ. ಅವರ ಕಾಲು ಈ ನೀರು ಮುಟ್ಟಿಲ್ಲ. ನಮ್ಮ ಕಾಲು ಮುಟ್ಯಾವ. ನಾವು ಎರದದ್ದು ಅವರು ಕುಡದಾರ."

"ಅಂದ್ರ ನಮ್ಮ ಮೈಲಿಗಿ ಅವರಿಗೆ ಹತ್ಯದ ಅಂತೀರೇನು?"

"ಹೌದ್ರಿ. ನಾವೇ ಕುಡಿಸೀವಿ."

ಆಚೆ ಕಾಯುತ್ತಿದ್ದ ಕೇರಿಯ ಹೆಂಗಸರು ತಲೆ ತಗ್ಗಿಸಿದರು, ತಾವೇ ಏನೋ ತಪ್ಪು ಮಾಡಿದವರಂತೆ. ಪಾಟೀಲರು ಕಡ್ಡಿ ಉಗುಳಿದರು. "ಯಾರ ಕಾಲು? ಹೆಸರು ಹೇಳ್ರಿ, ಕೇಳೋಣು."

"ನನ್ನ ಕಾಲು" ಅಂದರು ಅಕ್ಕೋರು. "ಹೋದ ವರ್ಷ ನಾರು ಎದ್ದಾಗ ಈ ಬಾವ್ಯಾಗ ಕಾಲಿಟ್ಟೀನಿ. ನನಗ ಗೊತ್ತಿರಲಿಲ್ಲ. ಇಟ್ಟದ್ದು ಖರೇ."

"ಹೊಸದಾಗಿ ಬಂದಾಕಿ, ನಿನಗ ಇಲ್ಲಿ ಯಾರು ಕರ್ಕೊಂಡು ಬಂದ್ರು?"

ಅವರು ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವರು ಕತ್ತನ್ನು ಎಷ್ಟು ಬಿಗಿ ಹಿಡಿದಿದ್ದರೆಂಬುದು ನನಗೆ ಇಂದಿಗೂ ಕಾಣುತ್ತದೆ. "ಯಾರೂ ಇಲ್ಲ. ನಾನೇ ಬಂದೆ."

ಗಾಣಿಗರ ಮುದುಕಿ ಮೊದಲು ಬಾಯಿ ತೆರೆದಳು. "ಅಕ್ಕೋರು ಅಕ್ಷರ ಕಲಸಾಕ ಬಂದಾಳಂತ ಮಾಡಿದ್ವಿ. ನಾರು ಹಂಚಾಕ ಬಂದಿದ್ಲವ್ವಾ." ಆಮೇಲೆ ಎಲ್ಲರೂ ಬೈದರು. ನಾನು ಕೊಡ ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದೆ.

ಆ ಸಂಜೆ ನಿಮ್ಮ ಮುತ್ಯಾನಿಗೆ ಹೇಳಿದೆ, ಕರೆದುಕೊಂಡು ಹೋದದ್ದು ನಾನು ಎಂದು. ಚಾಚಿದ ಕಾಲಿಗೆ ಬೇವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ಬಡಿದರೆ ಬಡಿಯಲಿ ಎಂದುಕೊಂಡಿದ್ದೆ. ಅವರು ನಕ್ಕರು.

"ಆ ಬಾವ್ಯಾಗ ಕಾಲಿಡದವ್ರು ಯಾರದಾರ ಈ ಊರಾಗ? ಅದರ ಹಿಂದಿನ ವರ್ಷ ಹಿಮ್ಮಡಿಗೆ ಎದ್ದಾಗ ನಾನೂ ಇಟ್ಟೀನಿ. ಪಾಟೀಲರ ಮಗನೂ ಇಟ್ಟಾನ."

"ಮತ್ತ ಹೇಳ್ರಲ್ಲ, ಆಕಿ ಒಬ್ಬಾಕಿದಲ್ಲ ಅಂತ."

"ನೀ ಹೇಳ್ತೀಯೇನು?"

ನಾನು ದನಗಳಿಗೆ ಮೇವು ಹಾಕಲು ಹೋದೆ.

ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬರು ಒಪ್ಪಿಕೊಂಡ ಮೇಲೆ ಉಳಿದವರಿಗೆ ಒಪ್ಪಿಕೊಳ್ಳುವ ಕೆಲಸ ತಪ್ಪಿತು. ಮಕ್ಕಳನ್ನು ಶಾಲೆ ಬಿಡಿಸಿದರು. ಅಕ್ಕೋರನ್ನು ಬಾವಿಗೆ ಇಳಿಯಗೊಡಲಿಲ್ಲ. ಅವರೂ ಕೇರಿಯ ಹೆಂಗಸರ ಜೊತೆ ಮೇಲೆ ನಿಂತು, ಯಾರಾದರೂ ಎರೆದರೆ ನೀರು ತರುತ್ತಿದ್ದರು. ನಮ್ಮ ಅತ್ತೆ ಆ ದಿನದಿಂದಲೇ ಯಾರಿಗೂ ಹೇಳದೆ ಮನೆಯ ನೀರನ್ನೆಲ್ಲ ಸೋಸತೊಡಗಿದರು. ಕೋಣೆ ಖಾಲಿ ಮಾಡಿ ಎಂದು ಅಕ್ಕೋರಿಗೆ ಹೇಳಿದವರೂ ಅದೇ ಅತ್ತೆ. ಎರಡನ್ನೂ ಒಂದೇ ಮನಸ್ಸಿನಿಂದ ಮಾಡಿದರು. ಅವರಿಗೆ ಅದರಲ್ಲಿ ತೊಡಕು ಕಾಣಲಿಲ್ಲ.

ಕೊನೆಗೆ ಅವರಿಗೆ ವರ್ಗವಾಯಿತು. ಹೋಗುವ ದಿನ ಚಿತ್ತಾಪುರಕ್ಕೆ ಹೊರಟ ಬಂಡಿಯಲ್ಲಿ ಅವರ ಟ್ರಂಕು ಏರಿತು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಹೊರಗೆ ಬರಲಿಲ್ಲ. ಒಳಗೆ ಬಂದಾಗ ಪರಾತದ ಹಿಟ್ಟಿನ ಮೇಲೆ ಅವರು ಏನಾದರೂ ಬರೆದು ಹೋಗಿರಬಹುದೆಂದು ನೋಡಿದೆ. ಏನೂ ಇರಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ನಾರು ಏಳಲಿಲ್ಲ. ನಿಮ್ಮ ಅಪ್ಪ, ಅತ್ತೆಯಂದಿರು ಎಲ್ಲರೂ ನೆಟ್ಟಗಿನ ಕಾಲಿನಲ್ಲಿ ಬೆಳೆದರು. ಬರೆಯಲು ಕೈ ಬಾರದ ಮಾತು ಇದು. ನಾನು ದಿನವೂ ಆ ಬಾವಿಗೆ ಇಳಿದೆ. ಮನೆಗೆ ತಂದ ನೀರನ್ನು ಸೋಸಿದೆ. ಮೇಲೆ ಕಾಯುತ್ತಿದ್ದವರ ಕೊಡಕ್ಕೆ ಸೋಸದೆ ಎರೆದೆ. ಅವರ ಕೊಡದ ಬಾಯಿಗೆ ಒಂದು ಬಟ್ಟೆ ಕಟ್ಟಿಕೊಳ್ಳಿ ಎನ್ನಲು ಹೊತ್ತು ಬೇಕಿರಲಿಲ್ಲ. ಹಾಗೆ ಹೇಳಿದರೆ ಅಕ್ಕೋರ ಕಡೆಯವಳು ಎಂದಾರು ಎಂದು ಹೆದರಿದೆ. ನನ್ನ ವಾರಿಗೆಯ ಒಬ್ಬಳು ಆ ಕೇರಿಯವಳು, ಎಳೆಗೂಸು ಕಂಕುಳಲ್ಲಿಟ್ಟು ಬರುತ್ತಿದ್ದಳು. ಒಂದು ಬೇಸಿಗೆಯಿಂದ ಕೋಲೂರಿಕೊಂಡು ಬಂದಳು. ನಾನು ಎರೆಯುತ್ತಲೇ ಹೋದೆ. "ಪುಣ್ಯ ಬರ್ಲವ್ವ ನಿನಗ" ಎನ್ನುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮೇಲೂ ಕೆಲವು ಬೇಸಿಗೆ ಕಳೆದು, ಆರೋಗ್ಯ ಇಲಾಖೆಯವರು ಬಂದರು. ಮೆಟ್ಟಿಲುಗಳಿಗೆ ಅಡ್ಡ ಗೋಡೆ ಕಟ್ಟಿ, ಮೇಲೆ ನೀರು ಸೇದುವ ಗಡಗಡಿ ಹಾಕಿ, ಮನೆಮನೆಗೆ ಸೋಸುವ ಬಟ್ಟೆ ಹಂಚಿದರು. ಊರವರು ಅವರಿಗೆ ಹಾರ ಹಾಕಿದರು. ಹಾರ ಹಾಕಿದವರು ಪಾಟೀಲರೇ.

ಅದಾದ ಮೇಲೆ ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಕುಳಿತಿದ್ದೆ. ನಳದ ಹತ್ತಿರ ಒಬ್ಬ ಮುದುಕಿ ತಂಬಿಗೆಯ ಬಾಯಿಗೆ ಸೆರಗು ಮಡಚಿ ಹಿಡಿದು ನೀರು ತುಂಬಿಕೊಂಡು, ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಎತ್ತಿ ನೋಡಿದಳು. ಹತ್ತಿರ ಹೋಗಿ "ಅಕ್ಕೋರ" ಅಂದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಹಿಟ್ಟಿನಾಗ ಅಕ್ಷರ ಬರದು ಅದನ್ನೇ ರೊಟ್ಟಿ ಬಡದಾಕಿ ಅಲ್ಲ? ಕುಂದ್ರು."

ಮೊದಲು ಕೇಳಿದ್ದು ನಿಮ್ಮ ಮುತ್ಯಾನ ಮೊಳಕಾಲು. ಮಡಚಂಗಿಲ್ರಿ ಅಂದೆ. ಆಮೇಲೆ ಬಾವಿಯ ಬಗ್ಗೆ ಕೇಳಿದರು. ಗೋಡೆ ಕಟ್ಟಿದ್ದು, ಗಡಗಡಿ ಹಾಕಿದ್ದು ಹೇಳಿದೆ. ಗಡಗಡಿ ಯಾವ ಕಡೆ, ಎಷ್ಟು ಜನ ಒಮ್ಮೆಗೆ ಸೇದಬಹುದು, ಕೇರಿಯವರೂ ಸೇದುತ್ತಾರೇನು ಎಂದು ಬಿಡದೆ ಕೇಳಿದರು. ಸೇದ್ತಾರ್ರಿ ಅಂದೆ. ಅವರ ಮುಖದ ಬಿಗಿ ಆ ಮಧ್ಯಾಹ್ನ ನೀರಿನಲ್ಲಿ ಕಾಲಿಟ್ಟಾಗಿನ ಹಾಗೆ ಸಡಿಲಿತು.

ನನಗೆ ಧೈರ್ಯ ಬಂತು. "ಆವತ್ತ ನನ್ನ ಹೆಸರು ಯಾಕ ಹೇಳಲಿಲ್ರಿ?"

"ನಿನ್ನ ಮ್ಯಾಲಿನ ಪ್ರೀತಿಗೆ ಅಂತ ತಿಳಕೊಂಡಿದ್ದೀಯೇನು?" ಅಂದರು. "ಎರಡು ಹೆಸರಾಗಿದ್ರ ಯಾರದು ಹೆಚ್ಚು, ಯಾರದು ಕಡಿಮಿ ಅಂತ ಪಂಚಾಯ್ತಿ ಕೂಡ್ತಿತ್ತು. ಬಾವಿ ಮಾತು ಅಲ್ಲೇ ಸಾಯ್ತಿತ್ತು. ಒಂದೇ ಹೆಸರಾದ್ರ ಬೈದು ಜಲ್ದಿ ಮ್ಯಾಲೇಳ್ತಾರ, ಆಮ್ಯಾಲ ನೀರಿಂದು ಏನು ಮಾಡಬೇಕು ಅಂತ ಕೇಳ್ತಾರ ಅಂತ ಮಾಡಿದ್ದೆ. ಬೈದ್ರು. ಕೇಳಲಿಲ್ಲ."

ಗಾಡಿ ಬರುವ ಗಂಟೆ ಹೊಡೆಯಿತು. ಅವರು ತಂಬಿಗೆಯನ್ನು ನನ್ನ ಕಡೆ ಸರಿಸಿ, "ಕುಡಿ, ಸೋಸೀನಿ" ಅಂದರು. ನಾನು ಕುಡಿಯುತ್ತಿರುವಾಗ, ಬೈಯುವ ದನಿಯಲ್ಲಲ್ಲ, ಬೇರೆ ಏನನ್ನೋ ನೆನಪು ಮಾಡಿಕೊಂಡವರಂತೆ ಹೇಳಿದರು, "ನೀರಿಂದು ನೀ ಒಬ್ಬಾಕಿ ಆದ್ರೂ ಕೇಳ್ತೀ ಅಂತ ಮಾಡಿದ್ದೆ ತಂಗಿ."

ಅಷ್ಟೇ. ಮತ್ತೆ ಅವರನ್ನು ಕಾಣಲಿಲ್ಲ. ಈ ಯುಗಾದಿಗೆ ಸ್ವಲ್ಪ ಮುಂಚೆ, ಚಿಂಚೋಳಿ ಕಡೆಯಿಂದ ಬಂದ ಬಳೆಗಾರ್ತಿಯೊಬ್ಬಳು ಅವರು ಹೋದ ಸುದ್ದಿ ಹೇಳಿದಳು. ಕೊನೆಯ ದಿನಗಳಲ್ಲಿಯೂ ಗುಟುಕು ನೀರು ಕೊಟ್ಟರೆ ಬೆಳಕಿಗೆ ಹಿಡಿ ಎನ್ನುತ್ತಿದ್ದರಂತೆ.

ಮಷಿನ್ನಿನ ನೀರಿಗೂ ಆಯಿ ಬಟ್ಟೆ ಹಿಡಿಯುತ್ತಾಳೆ ಎಂದು ನೀವು ನಗುತ್ತೀರಿ. ನಗಿರಿ. ಈಗ ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ, ನನಗೆ ಗೊತ್ತು. ಉಪಯೋಗವಿದ್ದಾಗ ನನ್ನ ಮನೆಯ ಕೊಡಕ್ಕೆ ಮಾತ್ರ ಹಿಡಿದೆ.

ಶರಣು, ನೀನು ದಡ್ಡ ಮಂದಿ ಅಂದದ್ದಕ್ಕೆ ನನಗೆ ಸಿಟ್ಟಿಲ್ಲಪ್ಪ. ಅವರು ದಡ್ಡರಾಗಿರಲಿಲ್ಲ ಎಂದಷ್ಟೇ ನಾನು ಬಲ್ಲೆ. ವರ್ಷ ಮುಗಿದ ಮೇಲೆ ಆ ಪಾಠದ ಪುಸ್ತಕವನ್ನು ರದ್ದಿಯವನಿಗೆ ಹಾಕಬೇಡಿ. ಈ ಹಾಳೆಗಳನ್ನು ಅದರೊಳಗೇ, ನೀನು ನಕ್ಕ ಪುಟದಲ್ಲಿ, ಜೋಪಾನವಾಗಿ ಇಡಿ.